ಕೋ-ಫೌಂಡರ್‌ಗಳಲ್ಲಿ ಇನ್ವೆಸ್ಟರ್ ಹುಡುಕುವುದೇನು?

2013ರಲ್ಲಿ ಏಂಜೆಲ್‌ಲಿಸ್ಟ್ ಎಂಬ ಅಮೆರಿಕದ ವೆಬ್‌ಸೈಟಿನಲ್ಲಿ ಒಂದು ಪ್ರಯೋಗ ನಡೆಯಿತು. ಹೊಸ ಕಂಪನಿ ಕಟ್ಟುವವರಿಗೂ ಹಣ ಹಾಕುವವರಿಗೂ ಪರಿಚಯ ಮಾಡಿಸುವ ತಾಣ ಅದು. ಶಾಯ್ ಬರ್ನ್‌ಸ್ಟೈನ್, ಆರ್ಥರ್ ಕೋರ್ಟೆವೆಗ್ ಮತ್ತು ಕೆವಿನ್ ಲಾಸ್ ಎಂಬ ಸಂಶೋಧಕರು ಸೇರಿ 21 ಸ್ಟಾರ್ಟಪ್‌ಗಳ ಬಗ್ಗೆ ಸುಮಾರು 4,500 ಹೂಡಿಕೆದಾರರಿಗೆ ಇಮೇಲ್ ಕಳಿಸಿದರು. ಆದರೆ ಒಂದೇ ಕಂಪನಿಯ ಬಗ್ಗೆ ಹೋದ ಇಮೇಲ್ ಎಲ್ಲರಿಗೂ ಒಂದೇ ಥರ ಇರಲಿಲ್ಲ. ಕೆಲವರಿಗೆ ಸ್ಥಾಪಕರು, ಅಂದರೆ ಸೇರಿ ಕಂಪನಿ ಶುರು ಮಾಡಿದ ಕೋ-ಫೌಂಡರ್‌ಗಳು ಯಾರು, ಎಲ್ಲಿ ಓದಿದರು, ಎಲ್ಲಿ ಕೆಲಸ ಮಾಡಿದರು ಅನ್ನುವುದು ಕಾಣುತ್ತಿತ್ತು. ಕೆಲವರಿಗೆ ಈವರೆಗೆ ಎಷ್ಟು ಗ್ರಾಹಕರು ಬಂದಿದ್ದಾರೆ ಅನ್ನುವುದು. ಇನ್ನು ಕೆಲವರಿಗೆ ಈಗಾಗಲೇ ಯಾರು ಹಣ ಹಾಕಿದ್ದಾರೆ ಅನ್ನುವುದು. ಯಾರಿಗೆ ಯಾವುದು ಕಾಣಬೇಕು ಅಂತ ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಗಿತ್ತು.

ತಂಡದ ವಿವರ ಕಂಡಾಗ ಕ್ಲಿಕ್ ಮಾಡಿ ಮುಂದೆ ಓದಿದವರ ಪ್ರಮಾಣ ಸುಮಾರು ಶೇ. 13ರಷ್ಟು ಏರಿತು. ಉಳಿದ ಎರಡು ವಿವರಗಳಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಹಣ ಹಾಕಿ ಹೆಚ್ಚು ಅನುಭವ ಇಲ್ಲದವರು ಮಾತ್ರ ಎಲ್ಲಕ್ಕೂ ತಲೆಯಾಡಿಸಿದರು. ಪಳಗಿದವರು ನೋಡಿದ್ದು ಜನರನ್ನು.

ಇದರಲ್ಲಿ ಹೊಸದೇನಿದೆ, ಎಲ್ಲರಿಗೂ ಗೊತ್ತಿರುವುದೇ ಅಲ್ವಾ ಅನ್ನಬಹುದು. ಹಾಗಾದರೆ ಬೆಂಗಳೂರಿನ ಯಾವುದಾದರೂ ಹೊಸ ಸ್ಟಾರ್ಟಪ್‌ನ ಪಿಚ್ ಡೆಕ್, ಅಂದರೆ ಹಣ ಕೇಳಲು ಹೋಗುವಾಗ ತೋರಿಸುವ ಸ್ಲೈಡುಗಳನ್ನು, ತೆಗೆದು ನೋಡಿ. ಪ್ರಾಡಕ್ಟ್ ಬಗ್ಗೆ ಸ್ಲೈಡಿನ ಮೇಲೆ ಸ್ಲೈಡು, ಮಾರ್ಕೆಟ್ ಎಷ್ಟು ಸಾವಿರ ಕೋಟಿಯದು ಅಂತ ಇನ್ನಷ್ಟು. ತಂಡಕ್ಕೆ ಕೊನೆಯಲ್ಲಿ ಒಂದೇ ಒಂದು. ಮೂರ್ನಾಲ್ಕು ಫೋಟೊ, ಕೆಳಗೆ ಕಾಲೇಜಿನ ಹೆಸರು, ಹಳೇ ಕಂಪನಿಯ ಲೋಗೊ. ಹಣ ಹಾಕುವವರು ಆಮೇಲೆ ಕೆದಕಿ ಕೇಳುವುದೆಲ್ಲ ಆ ಸ್ಲೈಡಿನಲ್ಲಿ ಬರೆಯದೆ ಬಿಟ್ಟ ಸಂಗತಿಗಳನ್ನೇ.

ಜನರ ಮೇಲೇ ಯಾಕೆ ಕಣ್ಣು?

ಬ್ಯಾಂಕಿಗೆ ಸಾಲ ಕೇಳಲು ಹೋದರೆ ಹಿಂದಿನ ವರ್ಷಗಳ ಐಟಿ ರಿಟರ್ನ್ಸ್ ಕೇಳುತ್ತಾರೆ, ಅಡಮಾನಕ್ಕೆ ಸೈಟೋ ಮನೆಯೋ ಕೇಳುತ್ತಾರೆ. ವೆಂಚರ್ ಕ್ಯಾಪಿಟಲ್ ಫಂಡ್, ಅಂದರೆ ಎಲ್ಲರೂ ವಿಸಿ ಅನ್ನುವವರು, ಅಡಮಾನ ಕೇಳುವುದಿಲ್ಲ. ಕಂಪನಿಯಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಕಂಪನಿ ಮುಚ್ಚಿದರೆ ಅವರ ಹಣವೂ ಹೋಯಿತು, ವಾಪಸ್ ಕೊಡಿ ಅಂತ ಯಾರ ಮನೆ ಬಾಗಿಲಿಗೂ ಬರುವಂತಿಲ್ಲ.

ಫಂಡಿನ ಆಯುಷ್ಯ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು. ಅಷ್ಟರೊಳಗೆ ಅವರು ಹಣ ಹಾಕಿದ ಕಂಪನಿಗಳಲ್ಲಿ ಹೆಚ್ಚಿನವು ಕೈಕೊಡುತ್ತವೆ ಅಥವಾ ಕುಂಟುತ್ತವೆ. ಒಂದೋ ಎರಡೋ ಹತ್ತಾರು ಪಟ್ಟು ಬೆಳೆದು ಎಲ್ಲ ನಷ್ಟವನ್ನೂ ತುಂಬಿಕೊಡಬೇಕು. ಹಾಗಾಗಿ ಅವರ ತಲೆಯಲ್ಲಿ ಓಡುವ ಪ್ರಶ್ನೆಗಳು ಎರಡು. ಇದು ಗೆದ್ದರೆ ಎಷ್ಟು ದೊಡ್ಡದಾಗಬಹುದು? ಅಲ್ಲಿತನಕ ಈ ಜನ ಒಟ್ಟಿಗೆ ಇರುತ್ತಾರಾ? ಮೊದಲನೆಯದಕ್ಕೆ ಉತ್ತರ ಯಾರ ಬಳಿಯೂ ಇಲ್ಲ, ಎಕ್ಸೆಲ್ ಶೀಟ್ ಏನೇ ಹೇಳಲಿ. ಎರಡನೆಯದನ್ನಾದರೂ ಎದುರು ಕೂತು ಅಂದಾಜು ಮಾಡಬಹುದು.

ಇನ್ನೊಂದು ಕಾರಣವೂ ಇದೆ. ಶುರು ಮಾಡಿದ ಐಡಿಯಾ ಹಾಗೇ ಉಳಿಯುತ್ತದೆ ಅನ್ನುವ ಖಾತರಿ ಇಲ್ಲ. ಶ್ರೀಹರ್ಷ ಮಜೆಟಿ ಮತ್ತು ನಂದನ್ ರೆಡ್ಡಿ ಮೊದಲು ಮಾಡಿದ್ದು ಬಂಡಲ್ ಎಂಬ ಕೊರಿಯರ್ ಸೇವೆ. ಸಣ್ಣ ವ್ಯಾಪಾರಿಗಳ ಪಾರ್ಸೆಲ್‌ಗಳನ್ನು ದೇಶದ ಬೇರೆ ಬೇರೆ ಕಡೆಗೆ ತಲುಪಿಸುವ ಯೋಚನೆ. ಅದು ಮುಂದೆ ಹೋಗಲಿಲ್ಲ, ನಿಲ್ಲಿಸಿದರು. 2014ರಲ್ಲಿ ಕೋರಮಂಗಲದಲ್ಲಿ ಸ್ವಿಗ್ಗಿ ಶುರು ಮಾಡಿದಾಗ ಮಿಂತ್ರಾದಲ್ಲಿ ಕೆಲಸ ಮಾಡಿದ್ದ ರಾಹುಲ್ ಜೈಮಿನಿ ಟೆಕ್ನಾಲಜಿ ನೋಡಿಕೊಳ್ಳಲು ಮೂರನೆಯವರಾಗಿ ಬಂದರು. ಮರುವರ್ಷವೇ ಆಕ್ಸೆಲ್ ಎಂಬ ವಿಸಿ ಫಂಡ್ ಹಣ ಹಾಕಿತು. ಮೊದಲ ಐಡಿಯಾ ಬಿದ್ದುಹೋಗಿತ್ತು ನಿಜ. ಆದರೆ ಸಾಮಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಿಸುವುದರ ಕಷ್ಟ ಏನು ಅಂತ ಆ ಇಬ್ಬರಿಗೆ ಆಗಲೇ ಗೊತ್ತಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಒಂದು ಸೋಲನ್ನು ಜೊತೆಯಲ್ಲೇ ದಾಟಿ ಬಂದಿದ್ದರು.

ಹಣ ಸಿಗುವುದು ಬೇರೆ, ಗೆಲ್ಲುವುದು ಬೇರೆ

ಪಾಲ್ ಗೊಂಪರ್ಸ್, ಸ್ಟೀವನ್ ಕಪ್ಲಾನ್ ಮೊದಲಾದ ಅರ್ಥಶಾಸ್ತ್ರಜ್ಞರು 885 ವಿಸಿಗಳನ್ನು ಪ್ರಶ್ನಿಸಿ ಒಂದು ದೊಡ್ಡ ಸಮೀಕ್ಷೆ ಮಾಡಿದರು. ಎಲ್ಲಿ ಹಣ ಹಾಕಬೇಕು ಅಂತ ತೀರ್ಮಾನಿಸುವಾಗ ತಂಡ ಮುಖ್ಯ ಅಂದವರು ಶೇ. 95. ಎಲ್ಲಕ್ಕಿಂತ ಮುಖ್ಯ ತಂಡವೇ ಅಂದವರು ಶೇ. 47.

ಇಲ್ಲೊಂದು ತಮಾಷೆ ಇದೆ. ಇದೇ ಕಪ್ಲಾನ್ ಇನ್ನಿಬ್ಬರ ಜೊತೆ ಸೇರಿ ಕೆಲವು ವರ್ಷ ಮೊದಲು ಇನ್ನೊಂದು ಅಧ್ಯಯನ ಮಾಡಿದ್ದರು. ವಿಸಿ ಹಣ ಪಡೆದು ಷೇರು ಮಾರುಕಟ್ಟೆಗೆ ಬಂದ 50 ಕಂಪನಿಗಳನ್ನು ಆರಿಸಿ, ಅವುಗಳ ಮೊದಲ ಬಿಸಿನೆಸ್ ಪ್ಲಾನಿನಿಂದ ಹಿಡಿದು ಮಾರುಕಟ್ಟೆಗೆ ಬಂದ ನಂತರದವರೆಗೂ ಹಿಂಬಾಲಿಸಿದರು. ಕಂಪನಿಗಳ ಮೂಲ ವ್ಯವಹಾರ ಬಹುಮಟ್ಟಿಗೆ ಹಾಗೇ ಇತ್ತು. ಬದಲಾಗಿದ್ದು ಮೇಲಿನ ಜನ! ಅನೇಕ ಕಡೆ ಸ್ಥಾಪಕರು ಹೋಗಿದ್ದರು, ಸಿಇಒ ಬದಲಾಗಿದ್ದರು. ಅಂದರೆ ಗೆದ್ದ ಕಂಪನಿಗಳಲ್ಲಿ ಕೊನೆತನಕ ಉಳಿದದ್ದು ವ್ಯವಹಾರ, ಶುರುವಿನ ತಂಡವಲ್ಲ.

ಹಾಗಾದರೆ ವಿಸಿಗಳು ತಪ್ಪು ಜಾಗದಲ್ಲಿ ನೋಡುತ್ತಿದ್ದಾರಾ? ನನಗೆ ಹಾಗನ್ನಿಸುವುದಿಲ್ಲ. ಆ 50 ಕಂಪನಿಗಳೂ ಷೇರು ಮಾರುಕಟ್ಟೆಯ ತನಕ ಬಂದವು. ಅಲ್ಲಿತನಕ ಬಾರದೆ ದಾರಿಯಲ್ಲೇ ಮುಗಿದುಹೋದವು ಆ ಲೆಕ್ಕದಲ್ಲಿ ಇಲ್ಲ. ಶುರುವಿನ ಎರಡು ಮೂರು ವರ್ಷ ಕಂಪನಿ ಬದುಕುವುದು ಸ್ಥಾಪಕರ ಮೇಲೆ. ಆಮೇಲೆ ವ್ಯವಹಾರ ಗಟ್ಟಿ ಇದ್ದರೆ ಬೇರೆಯವರೂ ನಡೆಸಬಹುದು. ಸ್ವಿಗ್ಗಿಯ ಮೂರನೆಯವರಾದ ರಾಹುಲ್ ಜೈಮಿನಿ 2020ರಲ್ಲಿ ಹೊರಟರು. ಕಂಪನಿ 2024ರ ನವೆಂಬರ್‌ನಲ್ಲಿ ಷೇರು ಮಾರುಕಟ್ಟೆಗೆ ಬಂತು.

ಒಳ್ಳೆಯ ತಂಡ ಅಂದರೆ ಎಂದೂ ಒಡೆಯದ ತಂಡ ಅಂತ ನಾವು ಅಂದುಕೊಂಡುಬಿಡುತ್ತೇವೆ. ವಾಸ್ತವದಲ್ಲಿ ಒಬ್ಬರು ಎದ್ದು ಹೋದರೂ ಕಂಪನಿ ಬೀಳದಂತೆ ಮೊದಲೇ ಮಾತಾಡಿಕೊಂಡಿರುವ ತಂಡವೇ ಒಳ್ಳೆಯ ತಂಡ. ಇನ್ವೆಸ್ಟರ್ ಕೇಳುವ ಮುಜುಗರದ ಪ್ರಶ್ನೆಗಳೆಲ್ಲ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ.

ಗೆಳೆತನ ಸಾಕಾ?

ಹಾರ್ವರ್ಡ್‌ನಲ್ಲಿದ್ದ ನೋಮ್ ವಾಸರ್‌ಮನ್ ಸುಮಾರು ಹತ್ತು ಸಾವಿರ ಸ್ಥಾಪಕರ ಮಾಹಿತಿ ಕಲೆಹಾಕಿ ವರ್ಷಗಟ್ಟಲೆ ಇದನ್ನೇ ಅಭ್ಯಾಸ ಮಾಡಿದರು. ಅವರಿಗೆ ಕಂಡದ್ದು ವಿಚಿತ್ರ. ಬರೀ ಗೆಳೆಯರಾಗಿದ್ದವರು ಸೇರಿ ಕಟ್ಟಿದ ತಂಡಗಳು ಬೇಗ ಒಡೆಯುತ್ತವೆ. ಹಿಂದೆ ಒಟ್ಟಿಗೆ ಕೆಲಸ ಮಾಡಿದವರ ತಂಡ ಜಾಸ್ತಿ ಗಟ್ಟಿ. ಗುರುತು ಪರಿಚಯ ಇಲ್ಲದವರು ಸೇರಿ ಮಾಡಿದ ತಂಡಗಳೂ ಗೆಳೆಯರ ತಂಡಗಳಿಗಿಂತ ವಾಸಿ!

ಯೋಚಿಸಿದರೆ ಕಾರಣ ಹೊಳೆಯುತ್ತದೆ. ಗೆಳೆಯನ ಹತ್ತಿರ ದುಡ್ಡಿನ ಮಾತು ಎತ್ತಲು ಸಂಕೋಚ. "ನೀನು ಮಾಡುತ್ತಿರುವ ಕೆಲಸ ಸರಿ ಇಲ್ಲ" ಅನ್ನಲು ಇನ್ನೂ ಸಂಕೋಚ. ಸಹೋದ್ಯೋಗಿಯಾಗಿದ್ದವರ ಬಳಿ ಅದನ್ನು ಎಂದೋ ಹೇಳಿ ಆಗಿರುತ್ತದೆ. ಡೆಡ್‌ಲೈನ್ ಹತ್ತಿರ ಬಂದಾಗ ಯಾರು ಕೂಗಾಡುತ್ತಾರೆ, ಯಾರು ಫೋನ್ ಸ್ವಿಚಾಫ್ ಮಾಡುತ್ತಾರೆ ಅನ್ನುವುದು ಗೊತ್ತಿರುತ್ತದೆ.

ಇನ್ಫೋಸಿಸ್‌ನ ಏಳೂ ಜನ ಸ್ಥಾಪಕರು 1981ಕ್ಕೆ ಮುಂಚೆ ಪಟ್ನಿ ಕಂಪ್ಯೂಟರ್ಸ್‌ನಲ್ಲಿ ಒಟ್ಟಿಗೆ ದುಡಿದವರು. ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿಯ ಕಥೆ ಎಲ್ಲರಿಗೂ ಬಾಯಿಪಾಠ. ನಾರಾಯಣ ಮೂರ್ತಿಯವರು ಅದಕ್ಕೂ ಮೊದಲು ಸಾಫ್ಟ್ರಾನಿಕ್ಸ್ ಅಂತ ಒಂದು ಕಂಪನಿ ಮಾಡಿ ಸೋತಿದ್ದರು ಅನ್ನುವುದನ್ನು ನೆನೆಯುವವರು ಕಡಿಮೆ. 1999ರಲ್ಲಿ ಶುರುವಾದ ಮೈಂಡ್‌ಟ್ರೀ ಎಂಬ ಐಟಿ ಕಂಪನಿಗೆ ಹತ್ತು ಜನ ಸ್ಥಾಪಕರು. ಅವರು ವಿಪ್ರೊ, ಲೂಸೆಂಟ್, ಕೇಂಬ್ರಿಜ್ ಟೆಕ್ನಾಲಜಿ ಪಾರ್ಟ್‌ನರ್ಸ್‌ನಂಥ ಕಡೆಗಳಿಂದ ಬಂದ ಅನುಭವಿಗಳು. ಅಶೋಕ್ ಸೂಟಾ ಅವರಂತೂ ವಿಪ್ರೊದ ಐಟಿ ವ್ಯವಹಾರವನ್ನೇ ನಡೆಸಿದ್ದವರು. ಅಂಥವರಿಗೆ ಶುರುವಿನಲ್ಲೇ ವಾಲ್ಡೆನ್ ಎಂಬ ವಿಸಿ ಸಂಸ್ಥೆ ಮತ್ತು ಕಾಫಿ ಡೇಯ ವಿ.ಜಿ. ಸಿದ್ಧಾರ್ಥ ಅವರ ಕಡೆಯಿಂದ ಹಣ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಐಐಟಿ ದೆಹಲಿಯವರು. ಆದರೆ 2007ರಲ್ಲಿ ಫ್ಲಿಪ್‌ಕಾರ್ಟ್ ಶುರು ಮಾಡುವ ಹೊತ್ತಿಗೆ ಇಬ್ಬರೂ ಅಮೆಜಾನ್‌ನ ಬೆಂಗಳೂರು ಕಚೇರಿಯಲ್ಲಿ ಕೆಲಸ ಮಾಡಿ ಬಂದಿದ್ದರು. ಕಾಲೇಜಿನ ಹೆಸರಿಗಿಂತ ಈ ಎರಡನೆಯ ವಿವರಕ್ಕೆ ನಾನು ಜಾಸ್ತಿ ತೂಕ ಕೊಡುತ್ತೇನೆ.

ಗೆಳೆಯರು ಸೇರಿ ಗೆದ್ದದ್ದು ಇಲ್ಲವೇ ಇಲ್ಲ ಅಂತಲ್ಲ. ಬಸ್ ಟಿಕೆಟ್ ಮಾರುವ ರೆಡ್‌ಬಸ್ ಇದೆ. ಫಣೀಂದ್ರ ಸಾಮಾ, ಚರಣ್ ಪದ್ಮರಾಜು, ಸುಧಾಕರ್ ಪಸುಪುನೂರಿ ಬಿಟ್ಸ್ ಪಿಲಾನಿಯ ಗೆಳೆಯರು, ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದವರು. 2005ರ ದೀಪಾವಳಿಗೆ ಊರಿಗೆ ಹೋಗಲು ಫಣೀಂದ್ರ ಅವರಿಗೆ ಬಸ್ ಟಿಕೆಟ್ ಸಿಗಲಿಲ್ಲ. ಯಾವ ಬಸ್ಸಿನಲ್ಲಿ ಎಷ್ಟು ಸೀಟು ಖಾಲಿ ಇದೆ ಅಂತ ಒಂದೇ ಕಡೆ ತಿಳಿಯುವ ವ್ಯವಸ್ಥೆಯೇ ಆಗ ಇರಲಿಲ್ಲ. ಮೂವರಿಗೂ ಬಸ್ ವ್ಯವಹಾರದ ಗಂಧಗಾಳಿ ಇರಲಿಲ್ಲ. ಟ್ರಾವೆಲ್ಸ್ ಏಜೆಂಟರ ಬಳಿ, ಬಸ್ ಮಾಲೀಕರ ಬಳಿ ಹೋಗಿ ಕೇಳಿ ಕೇಳಿ ಕಲಿತರು. ಹೊಸ ಉದ್ಯಮಿಗಳಿಗೆ ನೆರವಾಗುವ ಟೈ ಸಂಸ್ಥೆಯ ಹಿರಿಯ ಉದ್ಯಮಿಗಳು ಮಾರ್ಗದರ್ಶನ ಮಾಡಿದರು. 2007ರಲ್ಲಿ ಸೀಡ್‌ಫಂಡ್ ಹಣ ಹಾಕಿತು, 2013ರಲ್ಲಿ ಐಬಿಬೊ ಗ್ರೂಪ್ ಕಂಪನಿಯನ್ನೇ ಕೊಂಡಿತು. ತಂಡಕ್ಕೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಒಪ್ಪಿಕೊಂಡು ಕಲಿಯುವ ಗುಣ ಇದ್ದರೆ ಅನುಭವದ ಕೊರತೆ ತುಂಬಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕೊನೆಯ ಮಾತು ಯಾರದು?

ಮೀಟಿಂಗಿನಲ್ಲಿ ಇನ್ವೆಸ್ಟರ್ ಸುಮ್ನೆ ಒಂದು ಪ್ರಶ್ನೆ ಎಸೆಯುತ್ತಾರೆ: "ನಿಮ್ಮಲ್ಲಿ ಸಿಇಒ ಯಾರು?" ಒಬ್ಬರು ತಕ್ಷಣ "ನಾನು" ಅಂದರೆ, ಉಳಿದವರು ತಲೆಯಾಡಿಸಿದರೆ ಸರಿ. ಒಬ್ಬರ ಮುಖ ಒಬ್ಬರು ನೋಡಿಕೊಂಡು "ನಾವೆಲ್ಲ ಸಮಾನರು ಸರ್, ಎಲ್ಲ ತೀರ್ಮಾನ ಒಟ್ಟಿಗೇ" ಅಂದರೆ ಎದುರಿಗಿದ್ದವರ ಪೆನ್ನು ನಿಲ್ಲುತ್ತದೆ. ಎಲ್ಲರೂ ಒಪ್ಪಿದಾಗ ಯಾವ ತೊಂದರೆಯೂ ಇಲ್ಲ. ಒಪ್ಪದೇ ಹೋದ ದಿನ ಏನು ಮಾಡುತ್ತೀರಿ? ಸಂಬಳಕ್ಕೆ ಮೂರು ತಿಂಗಳ ಹಣ ಮಾತ್ರ ಉಳಿದಿದೆ, ಒಬ್ಬರು ಬೆಲೆ ಇಳಿಸೋಣ ಅನ್ನುತ್ತಾರೆ, ಇನ್ನೊಬ್ಬರು ಜನ ತೆಗೆಯೋಣ ಅನ್ನುತ್ತಾರೆ. ಅವತ್ತು ಒಬ್ಬರು ತೀರ್ಮಾನಿಸಬೇಕು, ಉಳಿದವರು ಅದಕ್ಕೆ ಬದ್ಧರಾಗಬೇಕು.

1990ರಲ್ಲಿ ಇನ್ಫೋಸಿಸ್‌ಗೆ ಅಂಥ ದಿನ ಬಂದಿತ್ತು. ಒಂಬತ್ತು ವರ್ಷ ಒದ್ದಾಡಿದ ಮೇಲೆ ಕಂಪನಿಯನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳುವ ಪ್ರಸ್ತಾಪ ಬಂತು. ಏಳರಲ್ಲಿ ಐವರು ಬೆಂಗಳೂರಿನ ಪುಟ್ಟ ಕಚೇರಿಯಲ್ಲಿ ಕೂತು ಮಾತಾಡಿದರು. ಮಾರಿಬಿಡೋಣ ಅನ್ನುವ ಕಡೆಗೆ ಉಳಿದವರ ಮನಸ್ಸು ವಾಲಿತ್ತು. ಕೊನೆಗೆ ಮಾತಾಡಿದ ಮೂರ್ತಿಯವರು, ನೀವೆಲ್ಲ ಮಾರುವುದಾದರೆ ನಿಮ್ಮ ಪಾಲನ್ನು ನಾನೇ ಕೊಳ್ಳುತ್ತೇನೆ ಅಂದರು. ಅವರ ಬಳಿ ಆಗ ಅಷ್ಟು ಹಣವೇ ಇರಲಿಲ್ಲ. ಕೋಣೆ ನಿಶ್ಶಬ್ದವಾಯಿತು, ಒಂದು ಗಂಟೆ ಚರ್ಚೆಯಾದ ಮೇಲೆ ಎಲ್ಲರೂ ಉಳಿಯುವುದೆಂದು ನಿರ್ಧಾರವಾಯಿತು. 1993ರಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಬಂತು. ಇದನ್ನು ಧೈರ್ಯದ ಕಥೆಯಾಗಿ ಹೇಳುವುದೇ ಹೆಚ್ಚು. ನನಗೆ ಕಾಣುವುದು ಬೇರೆ. ಭಿನ್ನಾಭಿಪ್ರಾಯ ಬಂದಾಗ ಯಾರ ಮಾತಿಗೆ ತೂಕ ಅನ್ನುವುದು ಆ ತಂಡದಲ್ಲಿ ಮೊದಲೇ ಇತ್ಯರ್ಥವಾಗಿತ್ತು.

ಇದಕ್ಕೆ ಉಲ್ಟಾ ಉದಾಹರಣೆ ಬೇಕಾದರೆ ಮನೆ ಹುಡುಕಿಕೊಡುವ ಮುಂಬೈನ ವೆಬ್‌ಸೈಟ್ ಹೌಸಿಂಗ್ ಡಾಟ್ ಕಾಮ್ ನೋಡಬಹುದು. 2012ರಲ್ಲಿ ಶುರುವಾದಾಗ 12 ಜನ ಸ್ಥಾಪಕರು. ಸಾಫ್ಟ್‌ಬ್ಯಾಂಕ್‌ನಂಥವರೇ ಹಣ ಹಾಕಿದರು. 2015ರ ಜುಲೈನಲ್ಲಿ ನಿರ್ದೇಶಕ ಮಂಡಳಿ ಸಿಇಒ ಆಗಿದ್ದ ಸ್ಥಾಪಕರನ್ನೇ ಕೆಲಸದಿಂದ ತೆಗೆಯಿತು. ಅದಕ್ಕೂ ಮುಂಚೆ ನಡೆದ ಜಟಾಪಟಿ ಪತ್ರಿಕೆಗಳ ತುಂಬ. ಹಣ ತರುವ ಶಕ್ತಿ ಇದ್ದ ತಂಡಕ್ಕೆ ಹಣ ಬಂದ ಮೇಲೆ ಒಟ್ಟಿಗೆ ನಡೆಯಲು ಆಗಲಿಲ್ಲ.

ಕೆಲಸ ಹಂಚಿಕೆಯ ಬಗ್ಗೆ ಜಾಸ್ತಿ ಹೇಳುವ ಅಗತ್ಯ ಇಲ್ಲ. ಒಬ್ಬರು ಕಟ್ಟಬೇಕು, ಒಬ್ಬರು ಮಾರಬೇಕು, ಇಬ್ಬರಲ್ಲಿ ಒಬ್ಬರಿಗಾದರೂ ಲೆಕ್ಕ ಗೊತ್ತಿರಬೇಕು. ಮೂವರೂ ಕೋಡ್ ಬರೆಯುವವರೇ ಆದರೆ ಮೊದಲ ಗ್ರಾಹಕನಿಗೆ ಫೋನ್ ಮಾಡುವವರು ಯಾರು ಅಂತ ಇನ್ವೆಸ್ಟರ್ ಕೇಳಿಯೇ ಕೇಳುತ್ತಾರೆ.

ಷೇರಿನ ಲೆಕ್ಕ

ಎಲ್ಲಕ್ಕಿಂತ ಹೆಚ್ಚು ತಂಡಗಳು ಎಡವುವುದು ಇಲ್ಲಿ, ಎಲ್ಲಕ್ಕಿಂತ ಕಡಿಮೆ ಮಾತಾಡುವುದೂ ಇದರ ಬಗ್ಗೆಯೇ. ಅಣ್ಣತಮ್ಮಂದಿರು ಜಮೀನನ್ನು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಪಕ್ಕದಲ್ಲಿ ಹೈವೇ ಬಂದ ಮೇಲೆ ಕೋರ್ಟಿಗೆ ಅಲೆಯುವುದನ್ನು ನಾವೆಲ್ಲ ನೋಡಿದ್ದೇವೆ. ಸ್ಟಾರ್ಟಪ್‌ನಲ್ಲಿ ನಡೆಯುವುದೂ ಅದೇ. ಬೆಲೆ ಇಲ್ಲದಾಗ ಕಾಗದ ಮಾಡುವುದು ಸುಲಭ, ಆದರೆ ಆಗ ಯಾರಿಗೂ ಬೇಕೆನಿಸುವುದಿಲ್ಲ.

ವಾಸರ್‌ಮನ್ ಅವರ ಲೆಕ್ಕದಲ್ಲಿ ಸುಮಾರು ನಾಲ್ಕರಲ್ಲಿ ಮೂರು ತಂಡಗಳು ಶುರು ಮಾಡಿದ ಒಂದು ತಿಂಗಳೊಳಗೇ ಷೇರು ಹಂಚಿಕೊಂಡುಬಿಟ್ಟಿದ್ದವು. ಯಾರು ಎಷ್ಟು ದುಡಿಯುತ್ತಾರೆ, ಯಾರು ನೌಕರಿ ಬಿಡುತ್ತಾರೆ ಅನ್ನುವುದು ಇನ್ನೂ ಗೊತ್ತಿಲ್ಲದ ಕಾಲ ಅದು. ಅವರೂ ಥಾಮಸ್ ಹೆಲ್‌ಮನ್ ಎಂಬ ಇನ್ನೊಬ್ಬ ಸಂಶೋಧಕರೂ ಸೇರಿ ನೋಡಿದಾಗ ಸಮಪಾಲು ಮಾಡಿಕೊಂಡ ತಂಡಗಳಿಗೆ ಮೊದಲ ಹೂಡಿಕೆಯಲ್ಲಿ ಕಂಪನಿಗೆ ಕಡಿಮೆ ಬೆಲೆ ಸಿಕ್ಕಿತ್ತು. ಸಮಪಾಲೇ ತಪ್ಪು ಅಂತ ಅವರು ಹೇಳಲಿಲ್ಲ. ಕಷ್ಟದ ಮಾತು ತಪ್ಪಿಸಿಕೊಳ್ಳಲು ಸಮಪಾಲಿಗೆ ಮೊರೆಹೋಗುವ ತಂಡಗಳು ಬೇರೆ ಕಡೆಯೂ ದುರ್ಬಲವಾಗಿರುತ್ತವೆ ಅನ್ನುವುದು ಅವರ ಅಭಿಪ್ರಾಯ. ಅತ್ತ ಹೊಸ ಸ್ಟಾರ್ಟಪ್‌ಗಳಿಗೆ ಹಣ, ಸಲಹೆ ಕೊಡುವ ಅಮೆರಿಕದ ವೈ ಕಾಂಬಿನೇಟರ್‌ನವರು ಸಮಪಾಲು ಅಥವಾ ಅದಕ್ಕೆ ಹತ್ತಿರದ ಪಾಲೇ ಒಳ್ಳೆಯದು ಅನ್ನುತ್ತಾರೆ. ನಿಜವಾದ ಕೆಲಸವೆಲ್ಲ ಮುಂದಿನ ವರ್ಷಗಳಲ್ಲಿ ಇರುವಾಗ ಮೊದಲ ತಿಂಗಳ ಐಡಿಯಾಗೆ ಯಾಕೆ ಜಾಸ್ತಿ ಪಾಲು ಅನ್ನುವುದು ಅವರ ವಾದ. ಎರಡರಲ್ಲೂ ಹುರುಳಿದೆ. ಯಾವ ಅನುಪಾತವಾದರೂ ಇರಲಿ, "ಯಾಕೆ ಹೀಗೆ ಹಂಚಿಕೊಂಡಿರಿ" ಅಂದಾಗ ಎಲ್ಲರ ಬಾಯಲ್ಲೂ ಒಂದೇ ಉತ್ತರ ಬರಬೇಕು.

ಅನುಪಾತಕ್ಕಿಂತ ಮುಖ್ಯವಾದದ್ದು ವೆಸ್ಟಿಂಗ್. ಷೇರು ನಿಮ್ಮ ಹೆಸರಿನಲ್ಲಿದ್ದರೂ ನೀವು ಕೆಲಸ ಮಾಡುತ್ತಾ ಹೋದಂತೆ ಮಾತ್ರ ಅದು ಪೂರ್ತಿ ನಿಮ್ಮದಾಗುತ್ತದೆ ಅನ್ನುವ ಕರಾರು ಇದು. ಸಾಮಾನ್ಯ ರೂಢಿ ನಾಲ್ಕು ವರ್ಷ, ಅದರಲ್ಲಿ ಮೊದಲ ಒಂದು ವರ್ಷ ಕ್ಲಿಫ್. ಕ್ಲಿಫ್ ಮುಗಿಯುವ ಮೊದಲೇ ಬಿಟ್ಟರೆ ಏನೂ ಸಿಗುವುದಿಲ್ಲ.

ಒಂದು ಲೆಕ್ಕ ಹಾಕೋಣ. ಮೂವರು ಸೇರಿ ಕಂಪನಿ ಮಾಡುತ್ತಾರೆ. ಒಟ್ಟು 30,000 ಷೇರು, ತಲಾ 10,000. ಹದಿನೆಂಟು ತಿಂಗಳಾದ ಮೇಲೆ ಒಬ್ಬರು ಎಂಎಸ್ ಮಾಡಲು ಅಮೆರಿಕಕ್ಕೆ ಹೊರಡುತ್ತಾರೆ. ವೆಸ್ಟಿಂಗ್ ಇಲ್ಲದಿದ್ದರೆ ಕಂಪನಿಯ ಮೂರನೇ ಒಂದು ಪಾಲು ಅವರ ಜೊತೆ ವಿಮಾನ ಹತ್ತುತ್ತದೆ. ಉಳಿದ ಇಬ್ಬರು ಇನ್ನೂ ಹತ್ತು ವರ್ಷ ದುಡಿದು ಬೆಳೆಸಿದ್ದರಲ್ಲೂ ಅವರಿಗೆ ಪಾಲು. ವೆಸ್ಟಿಂಗ್ ಇದ್ದರೆ 48 ತಿಂಗಳಲ್ಲಿ 18 ತಿಂಗಳ ಲೆಕ್ಕ, ಅಂದರೆ 3,750 ಷೇರು ಅವರದು. ಉಳಿದ 6,250 ವಾಪಸ್ ಬಂದು ರದ್ದಾದರೆ ಒಟ್ಟು ಷೇರು 23,750 ಆಗುತ್ತದೆ, ಅವರ ಪಾಲು ಶೇ. 16ಕ್ಕಿಂತ ತುಸು ಕಡಿಮೆ. ಎಂಟೇ ತಿಂಗಳಿಗೆ ಹೊರಟಿದ್ದರೆ ಸೊನ್ನೆ.

ಕೆಲಸ ಬಿಟ್ಟು ಹೋದವರ ಕೈಯಲ್ಲಿ ದೊಡ್ಡ ಪಾಲು ಕೂತಿರುವುದಕ್ಕೆ ಈ ವಲಯದಲ್ಲಿ ಡೆಡ್ ಈಕ್ವಿಟಿ ಅನ್ನುತ್ತಾರೆ. ಕ್ಯಾಪ್ ಟೇಬಲ್, ಅಂದರೆ ಯಾರ ಬಳಿ ಎಷ್ಟು ಷೇರು ಇದೆ ಅನ್ನುವ ಪಟ್ಟಿ, ನೋಡುವಾಗ ಇನ್ವೆಸ್ಟರ್ ಮೊದಲು ಹುಡುಕುವುದು ಇದನ್ನೇ. ಎಷ್ಟೋ ಸಲ ವ್ಯವಹಾರ ಚೆನ್ನಾಗಿದ್ದರೂ ಈ ಒಂದು ಸಾಲು ನೋಡಿ ಹಿಂದೆ ಸರಿಯುತ್ತಾರೆ. ಇವತ್ತು ದುಡಿಯುವವರಿಗೆ, ನಾಳೆ ಸೇರುವವರಿಗೆ ಕೊಡಲು ಷೇರೇ ಉಳಿದಿಲ್ಲ ಅಂದರೆ ಅವರು ಯಾಕೆ ಉಳಿಯುತ್ತಾರೆ?

ಹೂಡಿಕೆ ಬಂದಾಗಲೆಲ್ಲ ಎಲ್ಲರ ಪಾಲೂ ತೆಳುವಾಗುತ್ತದೆ ಅನ್ನುವುದನ್ನೂ ಈ ಹಂತದಲ್ಲೇ ಲೆಕ್ಕ ಹಾಕಿಕೊಳ್ಳಬೇಕು. ಪ್ರತಿ ಸುತ್ತಿನಲ್ಲಿ ಶೇ. 20 ಬಿಟ್ಟುಕೊಟ್ಟರೆ ನಾಲ್ಕು ಸುತ್ತಿನ ನಂತರ ಸ್ಥಾಪಕರೆಲ್ಲರ ಬಳಿ ಸೇರಿ ಉಳಿಯುವುದು ಶೇ. 41. ನೌಕರರಿಗೆ ಅಂತ ಎತ್ತಿಡುವ ಈಸಾಪ್ ಷೇರು ಕಳೆದರೆ ಇನ್ನೂ ಕಡಿಮೆ. ಮೈಂಡ್‌ಟ್ರೀ ಕಥೆ ಮುಗಿದದ್ದು ಈ ಲೆಕ್ಕದಿಂದಲೇ. 2019ರ ಹೊತ್ತಿಗೆ ಪ್ರವರ್ತಕರ ಬಳಿ ಒಟ್ಟು ಶೇ. 13ರಷ್ಟು ಷೇರು ಮಾತ್ರ ಇತ್ತು. ಸಿದ್ಧಾರ್ಥ ಮತ್ತು ಅವರ ಸಂಸ್ಥೆಗಳ ಬಳಿ ಶೇ. 20ರಷ್ಟಿತ್ತು. ಅವರು ಅದನ್ನು ಎಲ್ ಆಂಡ್ ಟಿಗೆ ಮಾರಿದರು. ಸ್ಥಾಪಕರು ಬಹಿರಂಗವಾಗಿ ವಿರೋಧಿಸಿದರು, ಫಲ ಸಿಗಲಿಲ್ಲ. ಕೆಲವೇ ತಿಂಗಳಲ್ಲಿ ಕಂಪನಿಯ ಹಿಡಿತ ಕೈಬದಲಾಯಿತು, ಕೃಷ್ಣಕುಮಾರ್ ನಟರಾಜನ್ ಸೇರಿದಂತೆ ಉಳಿದಿದ್ದ ಮೂವರು ಸ್ಥಾಪಕರು ರಾಜೀನಾಮೆ ಕೊಟ್ಟರು. ಒಗ್ಗಟ್ಟಿಗೆ ಹೆಸರಾಗಿದ್ದ ತಂಡಕ್ಕೇ ಹೀಗಾಯಿತು. ಒಗ್ಗಟ್ಟು ಇದ್ದರೆ ಸಾಲದು, ಮತದ ಲೆಕ್ಕವೂ ಇರಬೇಕು.

ಕಾಗದದಲ್ಲಿ ಇನ್ನೊಂದು ಸಂಗತಿ ಇರಬೇಕು: ಬರೆದ ಕೋಡ್, ಮಾಡಿದ ಡಿಸೈನ್ ಎಲ್ಲ ಕಂಪನಿಯ ಸ್ವತ್ತು ಅನ್ನುವ ಕರಾರು. ನೌಕರಿಯಲ್ಲಿದ್ದುಕೊಂಡೇ ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಕೋಡ್ ಬರೆದಿದ್ದರೆ ಹಳೇ ಕಂಪನಿ ನಾಳೆ ಹಕ್ಕು ಕೇಳಬಹುದು. ಇನ್ವೆಸ್ಟರ್ ಕಡೆಯ ವಕೀಲರು ಇದನ್ನು ಕೇಳದೆ ಬಿಡುವುದಿಲ್ಲ.

ಕಾಲೇಜು, ವಯಸ್ಸು, ಒಂಟಿತನ

ಇನ್ವೆಸ್ಟರ್‌ಗಳ ಪರೀಕ್ಷೆ ಇಷ್ಟೆಲ್ಲ ಬಿಗಿ ಅಂದಮೇಲೆ ಅವರು ಯಾವಾಗಲೂ ಸರಿ ಅಂತ ತಿಳಿಯಬೇಡಿ. ಏಂಜೆಲ್‌ಲಿಸ್ಟ್ ಪ್ರಯೋಗಕ್ಕೇ ವಾಪಸ್ ಹೋಗಿ. ಅಲ್ಲಿ ತಂಡದ ವಿವರ ಅಂದರೆ ಹೆಚ್ಚಾಗಿ ದೊಡ್ಡ ಕಾಲೇಜು, ದೊಡ್ಡ ಕಂಪನಿಗಳ ಹೆಸರು. ನಮ್ಮಲ್ಲೂ ಐಐಟಿ, ಬಿಟ್ಸ್, ಐಐಎಂ ಅಂದ ಕೂಡಲೇ ಬಾಗಿಲು ಅರ್ಧ ತೆರೆಯುತ್ತದೆ. ಹುಬ್ಬಳ್ಳಿಯದೋ ಹಾಸನದ್ದೋ ಕಾಲೇಜಿನಲ್ಲಿ ಓದಿ ಬಂದ ತಂಡ ಅದೇ ಬಾಗಿಲಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು. ಇದು ಅನ್ಯಾಯ, ಮತ್ತು ಇನ್ವೆಸ್ಟರ್‌ಗಳಿಗೇ ನಷ್ಟ ತರುವ ಅಭ್ಯಾಸ.

ವಯಸ್ಸಿನ ಬಗ್ಗೆಯೂ ಅಷ್ಟೇ. ಇಪ್ಪತ್ತೆರಡರ ಹುಡುಗ ಕಾಲೇಜು ಬಿಟ್ಟು ಕೋಟ್ಯಧಿಪತಿಯಾದ ಅನ್ನುವ ಕಥೆ ನಮಗೆ ಇಷ್ಟ. ಅರ್ಥಶಾಸ್ತ್ರಜ್ಞ ಪಿಯರ್ ಅಜುಲೇ ಮತ್ತು ಜೊತೆಗಾರರು ಅಮೆರಿಕದ ಸರ್ಕಾರಿ ಅಂಕಿಅಂಶಗಳಲ್ಲಿ ಹುಡುಕಿದಾಗ, ಅತಿ ವೇಗವಾಗಿ ಬೆಳೆದ ಸಾವಿರಕ್ಕೊಂದು ಕಂಪನಿಯ ಸ್ಥಾಪಕರ ಸರಾಸರಿ ವಯಸ್ಸು 45 ಅಂತ ಕಂಡುಬಂತು. ಅದೇ ಕ್ಷೇತ್ರದಲ್ಲಿ ದುಡಿದ ಅನುಭವ ಇದ್ದವರಿಗೆ ಗೆಲುವಿನ ಸಾಧ್ಯತೆಯೂ ಹೆಚ್ಚಿತ್ತು. ಮನೆ ಸಾಲ, ಮಕ್ಕಳ ಫೀಸು ಇಟ್ಟುಕೊಂಡು ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಅಂತ ಮನೆಯಲ್ಲಿ ಬೈಸಿಕೊಳ್ಳುವವರು ಈ ಅಂಕಿಯನ್ನು ಬರೆದಿಟ್ಟುಕೊಳ್ಳಬಹುದು.

ಒಬ್ಬರೇ ಇದ್ದರೆ? ವಿಸಿಗಳು ಸಾಮಾನ್ಯವಾಗಿ ಮೂಗು ಮುರಿಯುತ್ತಾರೆ. 2007ರಲ್ಲಿ ಕಡತಗಳನ್ನು ಇಂಟರ್‌ನೆಟ್‌ನಲ್ಲಿ ಇಡುವ ಡ್ರಾಪ್‌ಬಾಕ್ಸ್‌ನ ಐಡಿಯಾ ಹಿಡಿದು ಹೋದ ಡ್ರೂ ಹ್ಯೂಸ್ಟನ್ ಅವರಿಗೆ ವೈ ಕಾಂಬಿನೇಟರ್ ಕಡೆಯಿಂದ ಬಂದ ಸಲಹೆ, ಮೊದಲು ಒಬ್ಬ ಕೋ-ಫೌಂಡರ್ ಹುಡುಕಿಕೊಳ್ಳಿ ಅಂತ. ಅವರು ಎಂಐಟಿ ವಿದ್ಯಾರ್ಥಿ ಅರಾಶ್ ಫರ್ದೌಸಿ ಅವರನ್ನು ಜೊತೆ ಸೇರಿಸಿಕೊಂಡರು, ಆ ಜೋಡಿ ಕಂಪನಿಯನ್ನು ಷೇರು ಮಾರುಕಟ್ಟೆಗೆ ತಂದಿತು. ಆದರೆ ಜೇಸನ್ ಗ್ರೀನ್‌ಬರ್ಗ್ ಮತ್ತು ಈಥನ್ ಮಾಲಿಕ್ ಎಂಬ ಸಂಶೋಧಕರು, ಜನರಿಂದ ಹಣ ಸಂಗ್ರಹಿಸುವ ಕಿಕ್‌ಸ್ಟಾರ್ಟರ್ ತಾಣದ ಮೂಲಕ ಹಣ ಎತ್ತಿ ಶುರುವಾದ ಕಂಪನಿಗಳನ್ನು ನೋಡಿದಾಗ, ಒಬ್ಬರೇ ಶುರು ಮಾಡಿದವು ತಂಡಗಳ ಕಂಪನಿಗಳಿಗಿಂತ ಹೆಚ್ಚು ಕಾಲ ಬಾಳಿದ್ದವು. ಅಲ್ಲಿ ಹಣ ಕೊಟ್ಟವರು ಗ್ರಾಹಕರು, ವಿಸಿಗಳಲ್ಲ. ನೂರು ಪಟ್ಟು ಬೆಳೆಯಲೇಬೇಕೆಂಬ ಒತ್ತಡ ಇಲ್ಲದ ಕಡೆ ಜಗಳವಾಡಲು ಯಾರೂ ಇಲ್ಲದಿರುವುದೂ ಒಂದು ಲಾಭವೇ. ಸುಮ್ನೆ ಇನ್ವೆಸ್ಟರ್‌ಗೆ ತೋರಿಸಲಿಕ್ಕೆ ಅಂತ ಆತುರದಲ್ಲಿ ಯಾರನ್ನೋ ಕೋ-ಫೌಂಡರ್ ಮಾಡಿಕೊಂಡು ಶೇ. 40 ಬರೆದುಕೊಡುವುದಕ್ಕಿಂತ ಒಂಟಿಯಾಗಿರುವುದೇ ವಾಸಿ.

ವಿಸಿ ಹಣವೇ ಬೇಕೆಂದೂ ಇಲ್ಲ. ನಿತಿನ್ ಮತ್ತು ನಿಖಿಲ್ ಕಾಮತ್ ಸಹೋದರರು 2010ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಜೆರೋಧಾ ಹೊರಗಿನ ಹೂಡಿಕೆ ಇಲ್ಲದೆಯೇ ದೇಶದ ದೊಡ್ಡ ಬ್ರೋಕರ್‌ಗಳಲ್ಲಿ ಒಂದಾಯಿತು. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದ ಸ್ಟಾರ್ಟಪ್‌ಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ, ಅದಕ್ಕೆ ಷೇರು ಕೊಡಬೇಕಾಗಿಲ್ಲ.

ಇಡ್ಲಿ ದೋಸೆ ಹಿಟ್ಟಿನ ಐಡಿ ಫ್ರೆಶ್ ಫುಡ್ ಈ ಎಲ್ಲ ಸಲಹೆಗಳನ್ನೂ ಪಕ್ಕಕ್ಕೆ ಸರಿಸಿ ಬೆಳೆದದ್ದು. ಪಿ.ಸಿ. ಮುಸ್ತಫಾ ಮತ್ತು ಅವರ ಸೋದರ ಸಂಬಂಧಿಗಳು 2005ರಲ್ಲಿ ಬೆಂಗಳೂರಿನಲ್ಲಿ ಪುಟ್ಟ ಕೋಣೆಯೊಂದರಲ್ಲಿ ಶುರು ಮಾಡಿದರು. ಒಂದೇ ಕುಟುಂಬದವರ ತಂಡ ಅಂದರೆ ಅನುಮಾನದಿಂದ ನೋಡುವ ವಿಸಿಗಳೇ ಹೆಚ್ಚು. ಸೋದರರಿಗೆ ಕಿರಾಣಿ ಅಂಗಡಿ ನಡೆಸಿ ಗೊತ್ತಿತ್ತು. ಯಾವ ಹಿಟ್ಟಿನ ಪ್ಯಾಕೆಟ್ ಮೇಲೆ ಗ್ರಾಹಕರು ದೂರು ಹೇಳುತ್ತಾರೆ, ಯಾಕೆ ಹೇಳುತ್ತಾರೆ ಅನ್ನುವುದು ಅಂಗಡಿಯಲ್ಲೇ ಕಂಡಿತ್ತು. ಮುಸ್ತಫಾ ಅವರಿಗೆ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿದ ಅನುಭವ ಇತ್ತು, ಐಐಎಂ ಬೆಂಗಳೂರಿನಲ್ಲಿ ಎಂಬಿಎ ಮಾಡಿದರು. ವರ್ಷಗಟ್ಟಲೆ ಹಿಟ್ಟು ಮಾರಿದ ಹಣದಲ್ಲೇ ಕಂಪನಿ ಬೆಳೆಯಿತು. ಹೀಲಿಯನ್ ವೆಂಚರ್ಸ್ 35 ಕೋಟಿ ರೂಪಾಯಿ ಹಾಕಿದ್ದು 2014ರಲ್ಲಿ, ಪ್ರೇಮ್‌ಜಿ ಇನ್ವೆಸ್ಟ್ ಬಂದದ್ದು 2017ರಲ್ಲಿ. ಅಷ್ಟು ಹೊತ್ತಿಗೆ ಈ ಸೋದರರು ಒಟ್ಟಿಗೆ ಇರುತ್ತಾರಾ ಅಂತ ಯಾರೂ ಊಹಿಸಿ ನೋಡಬೇಕಾಗಿರಲಿಲ್ಲ, ಒಂಬತ್ತು ವರ್ಷದ ಲೆಕ್ಕಪತ್ರ ಮೇಜಿನ ಮೇಲಿತ್ತು.